ದಂಡೆಯ ಮೇಲಿನ ಈಜುಗಾರರು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳದಿ ಬಾತುಕೋಳಿ ಇದೆ. ಜೀವದ್ದಲ್ಲ, ಪ್ಲಾಸ್ಟಿಕ್ಕಿನದು. ಮಕ್ಕಳು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿಯುತ್ತಾರಲ್ಲ, ಗಾಳಿ ಊದುವ ರಿಂಗು, ಅಂಥದು. ಈಗ ಗಾಳಿ ಹೋಗಿ ಹಪ್ಪಳದಂತಾಗಿದೆ. ಮೊನ್ನೆ ಹಳೆಯ ಹುಣಸೆಹಣ್ಣಿನ ಗಡಿಗೆ ಹುಡುಕುತ್ತ ಏಣಿ ಹತ್ತಿದಾಗ ಕೈಗೆ ಸಿಕ್ಕಿತು. ಹೊಟ್ಟೆಯ ಕೆಳಗೆ ಇರುವೆ ಹರಿದಂಥ ಇಂಗ್ಲಿಷ್ ಅಕ್ಷರಗಳಿದ್ದವು. ಇಪ್ಪತ್ತೆಂಟು ವರ್ಷದಿಂದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿರುವವಳು ನಾನು, ಬರೆದದ್ದು ಕಂಡರೆ ಓದದೆ ಬಿಡುವ ಅಭ್ಯಾಸವಿಲ್ಲ. ಕನ್ನಡಕ ಏರಿಸಿಕೊಂಡು ಕೂಡಿಸಿ ಕೂಡಿಸಿ ಓದಿದೆ. "ಇದು ಜೀವ ಕಾಯುವ ಸಾಧನವಲ್ಲ. ಸಮರ್ಥರಾದ ದೊಡ್ಡವರ ನಿಗಾದಲ್ಲಿ ಮಾತ್ರ ಬಳಸಬೇಕು" ಎಂಬ ಅರ್ಥ ಬಂತು.

ಈ ಬಾತುಕೋಳಿ ಮಾಡಿದ ಪುಣ್ಯಾತ್ಮನ ಬಗ್ಗೆ ನನಗೆ ಗೌರವ ಹುಟ್ಟಿತು. ಸಮರ್ಥರಾದ ದೊಡ್ಡವರು ಎಲ್ಲಿ ಸಿಗುತ್ತಾರೆ, ಜೋಡಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಮಾತ್ರ ಆತ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ ಅನ್ನಿ. ನಮ್ಮ ಮನೆತನದಲ್ಲಿ ಅವರಿಗೆ ಎಂದೂ ಬರಗಾಲ ಬಿದ್ದದ್ದಿಲ್ಲ.

ನನ್ನ ತವರು ಕುಬಿಹಾಳ, ಈಗಿರುವ ಊರು ಸಂಶಿ. ನಡುವೆ ಒಂದು ಬಸ್ಸಿನ ದಾರಿ. ನನ್ನ ತವರಿನಲ್ಲಿ ಈಜು ಬಾರದ ಗಂಡಸು ಇಲ್ಲ. ಅಂದರೆ, ಅವರನ್ನೇ ಕೇಳಿದರೆ ಇಲ್ಲ. ನಮ್ಮಣ್ಣ ಮಲ್ಲಣ್ಣ ಚಿಕ್ಕವನಿದ್ದಾಗ ನಮ್ಮ ಹೊಲದ ಬಾವಿಯಲ್ಲಿ ಜಿಗಿಯುತ್ತಿದ್ದ. ಆಗ ಅದರಲ್ಲಿ ಎರಡಾಳು ನೀರು ಇರುತ್ತಿತ್ತು. ಈಗ ಆ ಬಾವಿಯಲ್ಲಿ ಕಲ್ಲು, ಕಸ, ಹಳೆಯ ಪೈಪು ತುಂಬಿವೆ, ಹನಿ ನೀರಿಲ್ಲ. ಆದರೂ ಅಣ್ಣನ ಮಾತಿನಲ್ಲಿ ಅದು ವರ್ಷಕ್ಕೆ ಅರ್ಧ ಆಳಿನಂತೆ ಆಳವಾಗುತ್ತಲೇ ಬಂದಿದೆ. ಹೋದ ವರ್ಷ ಐದಾಳು ದಾಟಿತ್ತು. ತಮ್ಮ ಈರಣ್ಣ ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿದ್ದಾನೆ. ಅವನು ನವಲಗುಂದದ ಕಡೆ ಕಾಲುವೆಯಲ್ಲಿ ಹರಿವಿಗೆ ಎದುರಾಗಿ ಈಜಿದವನು. ಯಾಕೆ ಎದುರಾಗಿ ಎಂದು ಕೇಳಬೇಡಿ, ಹರಿವಿನ ಜೊತೆಗೆ ಹೋಗುವುದು ಎಮ್ಮೆಗಳ ಕೆಲಸವಂತೆ.

ಇನ್ನು ನಮ್ಮ ಮನೆಯವರು. ಅವರು ಅಣ್ಣಿಗೇರಿ ಕಡೆಯವರು. ಹುಡುಗರಾಗಿದ್ದಾಗ ಊರ ಕೆರೆಯನ್ನು ಈ ದಂಡೆಯಿಂದ ಆ ದಂಡೆಗೆ ಮೂರು ಸಲ ದಾಟಿದ್ದರು ಎಂಬುದು ಮದುವೆಯಾದ ವಾರದಲ್ಲೇ ನನಗೆ ತಿಳಿದ ಸಂಗತಿ. ಮುಂದೊಂದು ಸಲ ಅವರ ಊರಿಗೆ ಹೋದಾಗ ನೋಡಿದರೆ ಅದು ಕುಡಿಯುವ ನೀರಿನ ಕೆರೆ. ಸುತ್ತಲೂ ಗೋಡೆ, ಬಾಗಿಲಲ್ಲಿ ಕಾವಲಿನವನು. ಕಾಲು ತೊಳೆದರೂ ದಂಡ ಹಾಕುವವರು.

"ಇದರಾಗ ಹೆಂಗ ಈಸಿದ್ರಿ?" ಎಂದೆ.

"ಅದು ಬ್ಯಾರೆ ಕೆರಿ" ಎಂದರು.

ಆ ಬೇರೆ ಕೆರೆ ಯಾವುದು ಎಂದು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ.

ನನಗೆ ಈಜು ಬರುವುದಿಲ್ಲ. ಆದರೆ ನಮ್ಮ ಬಾವಿಯ ಮೇಲೆ ನನಗೂ ಒಂದು ಹುದ್ದೆ ಇತ್ತು. ಊರಲ್ಲಿ ಹುಸೇನಕಾಕಾ ಎಂಬುವವರಿದ್ದರು, ಬಾವಿಗಳ ಹೂಳು ತೆಗೆಯುವುದು ಅವರ ಉದ್ಯೋಗ. ಬೇಸಿಗೆಯಲ್ಲಿ ಊರ ಹುಡುಗರಿಗೆ ಈಜು ಕಲಿಸುವವರೂ ಅವರೇ. ಹುಡುಗನ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿಸುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮೇಲೆ ಕಲ್ಲಿನ ಕಂಬಕ್ಕೆ ಎರಡು ಸುತ್ತು ಸುತ್ತಿ ನನ್ನ ಕೈಯಲ್ಲಿರುತ್ತಿತ್ತು. ಅಣ್ಣ ತಮ್ಮಂದಿರ ಅಂಗಿ ಚಡ್ಡಿ ಕಾಯುವುದು, ಹಗ್ಗ ಹಿಡಿಯುವುದು, ತಲೆ ಎಣಿಸುವುದು, ಇವು ಮನೆಯ ಹೆಣ್ಣು ಹುಡುಗಿಯ ಪಾಲಿಗೆ ಬಂದ ಕೆಲಸಗಳು. ಒಂದು ದಿನ ಧೈರ್ಯ ಮಾಡಿ, ನನಗೂ ಕಲಿಸಿ ಎಂದು ಕಾಕಾನ ಹತ್ತಿರ ಕೇಳಿದೆ. ಅವರು ನಮ್ಮಪ್ಪನ ಮುಖ ನೋಡಿದರು.

"ಹೆಣ್ಣುಹುಡುಗಿ ಈಸಿ ಎಲ್ಲಿಗೆ ಹೋಗೂದೈತಿ?" ಎಂದರು ಅಪ್ಪ.

ಮಾತು ಸರಿಯಾಗಿಯೇ ಇತ್ತು. ಈಜು ಕಲಿತ ನನ್ನ ಅಣ್ಣ ತಮ್ಮಂದಿರು ಎಲ್ಲೆಲ್ಲಿಗೋ ಹೋದರು. ಒಬ್ಬ ಹೊಲಕ್ಕೆ ಹೋದ, ಇನ್ನೊಬ್ಬ ಹುಬ್ಬಳ್ಳಿಗೆ ಹೋದ, ಅದೂ ಬಸ್ಸಿನಲ್ಲಿ.

ಈಜು ಕಲಿಸದಿದ್ದರೂ ಕಾಕಾ ನನಗೆ ನೋಡುವುದನ್ನು ಕಲಿಸಿದರು. "ಶಾಂತವ್ವಾ, ನೀ ನೀರು ನೋಡಬ್ಯಾಡ, ತಲಿ ನೋಡು. ತಲಿ ಎಷ್ಟು ಅದಾವ?"

"ನಾಕು ಕಾಕಾ."

"ಈಗ?"

"ಈಗೂ ನಾಕು."

"ಹಂಗಽ ಎಣಿಸ್ಕೋತ ಇರು. ಯಾರರೆ ಮಾತಾಡಿಸಿದ್ರ ಹೂಂ ಅನಬ್ಯಾಡ. ಕಾಯಾವರು ಒಬ್ಬರಽ ಇರಬೇಕವ್ವಾ, ಅವರಿಗೆ ಬ್ಯಾರೆ ಕೆಲಸ ಇರಬಾರದು. ಮತ್ತೊಂದು ಮಾತು ನೆನಪಿಡು, ಒದರಾವ ಮುಳುಗಂಗಿಲ್ಲ, ಮುಳುಗಾವ ಒದರಂಗಿಲ್ಲ. ಗದ್ದಲ ಇರೂತನಕಾ ಅಂಜಬ್ಯಾಡ. ಗದ್ದಲ ನಿಂತ್ರ ಮೊದಲ ಹಗ್ಗ ಜಗ್ಗು, ಆಮ್ಯಾಲೆ ವಿಚಾರ ಮಾಡು."

ಒಮ್ಮೆ ಅಣ್ಣ ಬಾವಿಯಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಕೂತಾಗ ನಾನು ಹಗ್ಗ ಜಗ್ಗಿ ಎಲ್ಲರೆದುರಿಗೆ ಬುಟ್ಟಿಯಂತೆ ಮೇಲೆತ್ತಿಸಿದೆ. ಹೊಟ್ಟೆ ಕಲ್ಲಿಗೆ ತರಚಿತ್ತು. ಅವನು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನ ಈಜಿನ ಕಥೆಗಳಲ್ಲಿ ಆ ಹಗ್ಗ ಇಂದಿಗೂ ಬರುವುದಿಲ್ಲ.

ಬಾವಿ ಸತ್ತ ಮೇಲೆ ಅಣ್ಣ ಹೊಲದಲ್ಲಿ ಕೃಷಿ ಹೊಂಡ ಮಾಡಿಸಿದ. ನೀವು ನೋಡಿರಬಹುದು. ಚೌಕಾಗಿ ಅಗೆದು, ನಾಲ್ಕೂ ಕಡೆ ಇಳಿಜಾರು ಮಾಡಿ, ಮೇಲೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನೀರು ಇಂಗಬಾರದು ಎಂದು ಆ ಹಾಳೆ. ನೀರು ಇಂಗುವುದಿಲ್ಲ, ನಿಜ. ಒಳಗೆ ಬಿದ್ದದ್ದು ಮೇಲೆ ಹತ್ತುವುದೂ ಇಲ್ಲ. ಹಿಂದಿನ ವರ್ಷ ಅಣ್ಣನ ಹೊಲ ಕಾಯುವ ನಾಯಿ ಅದರಲ್ಲಿ ಬಿತ್ತು. ನಾಯಿಗೆ ಯಾರೂ ಈಜು ಕಲಿಸಬೇಕಾಗಿಲ್ಲ. ಅದು ಈಜುತ್ತ, ಉಗುರಿನಿಂದ ಪ್ಲಾಸ್ಟಿಕ್ ಕೆರೆಯುತ್ತ, ಜಾರುತ್ತ, ಮತ್ತೆ ಈಜುತ್ತ ಸತ್ತಿತ್ತು. "ಅದಕ ವಯಸ್ಸಾಗಿತ್ತ ಬಿಡು" ಎಂದು ಅಣ್ಣ ಮರಣದ ಕಾರಣ ಬರೆದು ಮುಗಿಸಿದ.

ಹೊಂಡಕ್ಕೆ ಸುತ್ತಲೂ ತಂತಿ ಬೇಲಿ ಇರಬೇಕು ಎಂದು ನಿಯಮ. ಅಣ್ಣ ನಿಯಮ ಮೀರುವವನಲ್ಲ, ಬೇಲಿ ಹಾಕಿಸಿದ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಮರುತಿಂಗಳು ಶೇಂಗಾ ಹೊಲಕ್ಕೆ ಚಿಗರಿಗಳು, ಅಂದರೆ ಜಿಂಕೆಗಳು, ನುಗ್ಗಿದವು. ಬೇಲಿ ಕಿತ್ತು ಶೇಂಗಾಕ್ಕೆ ಸುತ್ತಿದ. ಹೊಂಡದ ಬೇಲಿ ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ ಇದು: "ಹೊಂಡಕ್ಕೇನು ಕಾಲು ಬರ್ತಾವೇನ, ಎದ್ದು ಓಡಿ ಹೋಗಾಕ? ಶೇಂಗಾ ತಿನ್ನಾಕ ಚಿಗರಿ ಬರ್ತಾವ."

ಬೇಲಿ ಇರುವುದು ಹೊಂಡ ಓಡಿಹೋಗದಿರಲಿ ಅಂತ ಅವನು ತಿಳಿದಿದ್ದ. ಇಂಥ ತಿಳಿವಳಿಕೆಯ ಎದುರು ಕನ್ನಡ ಶಾಲೆಯ ಮಾಸ್ತರತಿ ಏನು ಮಾತಾಡಿಯಾಳು?

ಹೋದ ವರ್ಷದ ಶೀಗಿ ಹುಣ್ಣಿಮೆ ಭಾನುವಾರವೇ ಬಂದಿತ್ತೋ, ಶಾಲೆಗೆ ಸೂಟಿ ಕೊಟ್ಟಿದ್ದರೋ ಮರೆತಿದ್ದೇನೆ. ಅಂತೂ ನಾವೆಲ್ಲ ಅಣ್ಣನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಹೊಲ ತುಂಬಿ ನಿಂತಾಗ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ ಅದು. ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಮಾಡಿ, ಅಡಿಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು, ಹೊಲದ ಸುತ್ತ ಚೆಲ್ಲುತ್ತ ಬರಬೇಕು. ಆಮೇಲೆ ನಮ್ಮ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಕಡಬು, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಹೊಂಡದ ಒಡ್ಡಿನ ಪಕ್ಕದಲ್ಲೇ ಜಮಖಾನೆ ಹಾಸಿ ಎಲ್ಲ ಇಟ್ಟಿದ್ದೆವು. ಈರಣ್ಣನ ಹೆಂಡತಿ ಜಮಖಾನೆ ನೇಯುವ ನವಲಗುಂದದವಳಾದ್ದರಿಂದ ನಮ್ಮ ಮನೆಯಲ್ಲಿ ಅವಕ್ಕೆ ಕೊರತೆಯಿಲ್ಲ. ಇದು ಅವಳ ಮದುವೆಯಲ್ಲಿ ಬಂದದ್ದು, ಹತ್ತು ಜನ ಕೂಡುವಷ್ಟು ಉದ್ದ, ಕತ್ತೆಯೂ ಹೊರಲಾರದಷ್ಟು ಭಾರ. ಆಕೆ ಎರಡನೆಯ ಹೆರಿಗೆಗೆ ತವರಿಗೆ ಹೋಗಿದ್ದಳು. ಮೊದಲ ಮಗಳು ಅನ್ನಪೂರ್ಣಾ, ಆರೂವರೆ ವರ್ಷದ ನಮ್ಮ ಅನ್ನು, ಅಪ್ಪನ ಜೊತೆ ಬಂದಿದ್ದಳು. ಅವಳ ಸೊಂಟದಲ್ಲಿ ಈ ಬಾತುಕೋಳಿ ಇತ್ತು.

"ನೀರಾಗ ಬಿಡೂಣು ಆಕೀನ" ಎಂದ ಈರಣ್ಣ.

"ಬ್ಯಾಡೋ, ಜಾರತೈತಿ ಅದು" ಎಂದೆ ನಾನು.

"ಅಕ್ಕಾ, ನಾವು ಮೂರು ಮಂದಿ ಈಸುವಾರು ಅದೇವಿ. ನೀ ಸುಮ್ನ ಕುಂದ್ರ."

ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಮೂರೇ ಮಂದಿ ಇದ್ದರು, ಅದಕ್ಕೆ ಸುಮ್ಮನೆ ಕೂತೆ. ಈರಣ್ಣ ಪಂಪಿನ ಪೈಪು ಹಿಡಿದು ಇಳಿದ, ಮಗಳನ್ನು ಸ್ವಲ್ಪ ಹೊತ್ತು ನೀರಲ್ಲಿ ಆಡಿಸಿದ, ಅದೇ ಪೈಪು ಹಿಡಿದು ಎತ್ತಿಕೊಂಡು ಬಂದ. ಅಷ್ಟರಲ್ಲಿ ಅಣ್ಣ ಚರಗಕ್ಕೆ ಕರೆದ. ಈರಣ್ಣ ಮಗಳನ್ನು ಒಡ್ಡಿನ ಮೇಲೆ ಕೂರಿಸಿ, "ಇಲ್ಲೇ ಕುಂದ್ರು, ನೀರಿಗೆ ಇಳೀಬ್ಯಾಡ" ಎಂದು ಬೆರಳು ತೋರಿಸಿ ಹೋದ. ದೊಡ್ಡವರ ಬಾಯಿಂದ ಹೊರಟ 'ಬ್ಯಾಡ' ಎಂಬ ಮಾತು ಕಬ್ಬಿಣದ ಬೇಲಿ ಎಂದು ನಂಬುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದವರಿಲ್ಲ.

ಚರಗಕ್ಕೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಚೆಲ್ಲುತ್ತ ಹೋಗುವವರು ಹಿಂದಕ್ಕೆ ನೋಡಬಾರದು. ನೋಡಿದರೆ ಭೂಮಿತಾಯಿ ಉಣ್ಣುವುದಿಲ್ಲವಂತೆ, ನಾಚಿಕೆಯಂತೆ ಅವಳಿಗೆ. ಅಣ್ಣ ಮುಂದೆ ಬುಟ್ಟಿ ಹಿಡಿದ, ನಮ್ಮ ಮನೆಯವರು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ನಡೆದರು, ಈರಣ್ಣ ಕೊನೆಯಲ್ಲಿ ಹುಲ್ಲುಲ್ಲಿಗೋ ಎಂದು ಚರಗದ ಕೂಗು ಹಾಕುತ್ತ ಹೊರಟ. ಮೂವರು ಈಜುಗಾರರೂ ಸಾಲಾಗಿ, ಹೊಂಡಕ್ಕೆ ಬೆನ್ನು ಮಾಡಿ, ಎರಡು ಎಕರೆ ಆಚೆಗೆ ನಡೆದರು. ಪಕ್ಕಾ ಪದ್ಧತಿ ಪ್ರಕಾರ.

ಇಲ್ಲಿಯವರೆಗೆ ಬೇರೆಯವರನ್ನು ಹಂಗಿಸಿದ್ದಾಯಿತು. ಈಗ ಕಾಯುವ ವಿದ್ಯೆಯಲ್ಲಿ ಪಾರಂಗತಳಾದ ಶಾಂತವ್ವ ಟೀಚರು ಏನು ಮಾಡುತ್ತಿದ್ದರು ಕೇಳಿ. ಅವರು ಎರಡೂ ಕೈಯಲ್ಲಿ ಮೊಬೈಲು ಹಿಡಿದು ಚರಗದ ವಿಡಿಯೋ ತೆಗೆಯುತ್ತಿದ್ದರು. ಸ್ಟೇಟಸ್‌ಗೆ ಹಾಕಬೇಕಿತ್ತು. ನಮ್ಮ ಸಂಸ್ಕೃತಿ, ನಮ್ಮ ಹೆಮ್ಮೆ ಎಂದು ಬರೆಯುವುದೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಜಮಖಾನೆಯ ಮೇಲೆ ಕೂತು ಹೋಳಿಗೆಗೆ ತುಪ್ಪ ಹಚ್ಚುತ್ತಿದ್ದರು. ಬೆನ್ನ ಹಿಂದೆ ಅನ್ನು ಬಾತುಕೋಳಿಯ ಜೊತೆ ಏನೋ ಜಗಳವಾಡುತ್ತಿದ್ದಳು. ನೀನು ಊಟ ಮಾಡಿಲ್ಲ, ನಿನ್ನ ಅಪ್ಪನಿಗೆ ಹೇಳ್ತೀನಿ, ಅಂಥ ಮಾತು. ಅದು ನನ್ನ ಕಿವಿಗೆ ಬೀಳುತ್ತಲೇ ಇತ್ತು. ಆಮೇಲೆ ಬೀಳಲಿಲ್ಲ.

ಎಷ್ಟು ಹೊತ್ತಿನಿಂದ ಬೀಳಲಿಲ್ಲ ಎಂಬುದು ಗೊತ್ತಿಲ್ಲ. ಗದ್ದಲ ನಿಂತಿದೆ ಎಂದು ಮೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ತಿರುಗಿದೆ. ಬಾತುಕೋಳಿ ಹೊಂಡದ ನಡುವೆ ಕುತ್ತಿಗೆ ಎತ್ತಿಕೊಂಡು ಚೆಂದವಾಗಿ ತೇಲುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಈಚೆ ದಡದ ಹತ್ತಿರ, ನೀರಿನ ಮಟ್ಟಕ್ಕೆ, ಒಂದು ಬಾಯಿ ಮತ್ತು ಹತ್ತು ಬೆರಳು ಕಂಡವು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಬೆರಳುಗಳು ಪ್ಲಾಸ್ಟಿಕ್ ಕೆರೆಯುತ್ತಿದ್ದವು. ಒಡ್ಡಿನಿಂದ ಜಾರಿದವಳ ಕಾಲು ಮೇಲಾಗಿ ರಿಂಗು ಕಳಚಿ ಹೋಗಿತ್ತು.

ನಾನು ಕಿರುಚಿದೆ. ಆ ಕಡೆಯಿಂದ ನಮ್ಮ ಮನೆಯವರು, ಹಿಂದೆ ನೋಡದೆಯೇ, ಕೈಯೆತ್ತಿ ಬೀಸಿದರು. ವಿಡಿಯೋದಲ್ಲಿ ಚೆನ್ನಾಗಿ ಬರಲಿ ಎಂದು ನಾನು ಕೂಗುತ್ತಿದ್ದೇನೆ ಅಂತ ಅವರ ಎಣಿಕೆ.

ನೀರಿಗೆ ಹಾರಿದ್ದರೆ ಎರಡು ಹೆಣ ಎತ್ತಬೇಕಾಗುತ್ತಿತ್ತು. ಅಷ್ಟು ಬುದ್ಧಿ ಆ ಹೊತ್ತಿನಲ್ಲೂ ಹೇಗೆ ಉಳಿದಿತ್ತೋ ತಿಳಿಯದು. ಜಮಖಾನೆಯ ತುದಿ ಹಿಡಿದು ಎಳೆದೆ. ಎಣ್ಣೆಗಾಯಿ, ಕಡಬು, ಮೊಸರಿನ ಗಡಿಗೆ, ತುಪ್ಪದ ಬಟ್ಟಲು ಎಲ್ಲ ಹಾರಿದವು. ತುದಿಯನ್ನು ಹೊಂಡದೊಳಕ್ಕೆ ಎಸೆದೆ. ಇನ್ನೊಂದು ತುದಿಯ ಮೇಲೆ ವೈನಿ ಕೂತೇ ಇದ್ದರು.

"ಏಳಬ್ಯಾಡ್ರಿ ವೈನಿ, ಹಂಗಽ ಕುಂದರ್ರಿ, ನನ್ನ ಕಾಲು ಹಿಡೀರಿ" ಎಂದೆ.

ಅವರು ಯಾಕೆ ಏನು ಎಂದು ಕೇಳಲಿಲ್ಲ. ತುಪ್ಪದ ಕೈಯಿಂದಲೇ ನನ್ನ ಎರಡೂ ಪಾದ ಹಿಡಿದರು. ನಾನು ಜಮಖಾನೆಯ ಮೇಲೆ ಹೊಟ್ಟೆ ಮಾಡಿ ಮಲಗಿ ತಲೆ ಕೆಳಗಾಗಿ ಇಳಿದೆ. ಬರಿ ಪ್ಲಾಸ್ಟಿಕ್ ಆಗಿದ್ದರೆ ಸೀದಾ ನೀರಿನಲ್ಲಿರುತ್ತಿದ್ದೆ. ನೆನೆದ ದಪ್ಪ ಹತ್ತಿಯ ನೇಯ್ಗೆ ಮೈಯನ್ನು ಹಿಡಿದು ನಿಲ್ಲಿಸಿತು. ಮೊದಲ ಸಲ ಕೈಗೆ ಕೂದಲು ಸಿಕ್ಕು ಜಾರಿತು. ಎರಡನೆಯ ಸಲ ಮುಂಗೈ ಸಿಕ್ಕಿತು. ವೈನಿ ಹಿಂದಿನಿಂದ ಎಳೆದರು, ನಾನು ಅವಳನ್ನು ಎಳೆದೆ, ಮೂವರೂ ಒಡ್ಡಿನ ಮೇಲೆ ಮೊಸರಿನಲ್ಲಿ ಬಿದ್ದೆವು. ಅನ್ನು ಕೆಮ್ಮಿದಳು, ನೀರು ಕಾರಿದಳು, ಆಮೇಲೆ ದೊಡ್ಡ ದನಿ ತೆಗೆದು ಅತ್ತಳು. ನನ್ನ ಐವತ್ತೆರಡು ವರ್ಷದಲ್ಲಿ ಅಂಥ ಇಂಪಾದ ಅಳುವನ್ನು ನಾನು ಕೇಳಿಲ್ಲ. ಅವಳನ್ನು ಎದೆಗೆ ಅವಚಿಕೊಂಡು ನಾನೂ ಅತ್ತೆ.

ಆ ಅಳು ಕೇಳಿ ಈಜುಗಾರರು ಓಡಿ ಬಂದರು, ಚರಗ ಅರ್ಧಕ್ಕೇ ನಿಂತಿತು. ಬಂದವರೇ ಹೊಂಡವನ್ನು ನೋಡಿ, ನಮ್ಮನ್ನು ನೋಡಿ ನಿಂತರು. ನಮ್ಮ ಮನೆಯವರು, "ನನ್ನ ಕರದಿದ್ರ ಒಂದು ಜಿಗತಕ್ಕ ತಗೊಂಡ ಬರ್ತಿದ್ದೆ" ಎಂದರು. ವೈನಿ ತಲೆಯೆತ್ತಿ ಅವರನ್ನು ಒಮ್ಮೆ ನೋಡಿದರು.

ಮಗು ಚೆನ್ನಾಗಿದೆಯಲ್ಲ, ಇನ್ನೇನು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಮಲಗಿಸಿದರಾಯಿತು ಎಂದು ಅಣ್ಣ ಹೇಳಿದ. ಎದೆಯೊಳಗೆ ನೀರು ಹೋಗಿದ್ದರೆ ನಾಲ್ಕು ತಾಸಿನ ಮೇಲೂ ಉಸಿರು ಕಟ್ಟಬಹುದು ಎಂದು ನಾನೆಲ್ಲೋ ಓದಿದ್ದೆ, ಬಿಡಲಿಲ್ಲ. ಕುಂದಗೋಳದ ದವಾಖಾನೆಗೆ ಎತ್ತಿಕೊಂಡು ಹೋದೆವು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎದೆ ಪರೀಕ್ಷಿಸಿ, ಸಂಜೆಯವರೆಗೆ ಇಲ್ಲೇ ಇರಲಿ, ನಾನು ನೋಡುತ್ತಿರುತ್ತೇನೆ ಎಂದರು. ಆಮೇಲೆ ಕಾಗದ ಬರೆಯುತ್ತ ಕೇಳಿದರು, "ಕೂಸು ನೀರಾಗ ಬಿದ್ದಾಗ ಯಾರು ನೋಡಾಕತ್ತಿದ್ರಿ?"

ಮೂವರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ನೆಲ ನೋಡಿದೆ.

"ಎಲ್ಲಾರೂ ಇದ್ದಿವ್ರಿ" ಎಂದ ಅಣ್ಣ.

ಮಂಚದ ಮೇಲೆ ಮಲಗಿದ್ದ ಅನ್ನು ಆಗ ಬಾಯಿ ತೆರೆದಳು. "ಯಾರೂ ನೋಡಲಿಲ್ಲ. ನಾ ಕರದೆ. ಬಾಯಾಗ ನೀರು ಹೊಕ್ಕಿತ್ತು, ಅದಕ್ಕ ನಿಮಗ ಕೇಳಿಸಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಮಗೆ ಕೇಳಿಸದಿದ್ದುದಕ್ಕೆ ಅವಳೇ ಕಾರಣ ಹುಡುಕಿ ಕೊಡುತ್ತಿದ್ದಳು. ಅಣ್ಣ ಎದ್ದು ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ಕಣ್ಣು ಕೆಂಪು ಮಾಡಿಕೊಂಡು ಬಂದು, ಬಾಗಿಲ ಹತ್ತಿರ ನಿಂತ.

ಅಂದೇ ನಮ್ಮ ಮನೆಯಲ್ಲಿ ಒಂದು ಗುಪ್ತ ಸಭೆಯೂ ನಡೆಯಿತು. ವಿಷಯ ನವಲಗುಂದದ ಬೀಗರಿಗೆ ತಿಳಿಯಬಾರದು, ದಿನ ತುಂಬಿದ ಬಸುರಿ ಗಾಬರಿಯಾಗುತ್ತಾಳೆ ಎಂದು ಒಮ್ಮತದಿಂದ ಠರಾವು ಪಾಸಾಯಿತು. ರಾತ್ರಿ ತಾಯಿಯ ಫೋನು ಬಂದೊಡನೆ ಅನ್ನು ಹೇಳಿದ ಮೊದಲ ಮಾತು ಅದೇ. ಆಕೆ ಗಂಡನಿಗೆ ಏನಂದಳೋ ನನಗೆ ಗೊತ್ತಿಲ್ಲ. ಈರಣ್ಣ ಮಾತ್ರ ಹೂಂ, ಹೂಂ ಎನ್ನುತ್ತ ಗೋಡೆಗೆ ಮುಖ ಮಾಡಿ ನಿಂತಿದ್ದ. ಮರುದಿನ ಅಣ್ಣ ಶೇಂಗಾದ ಬೇಲಿ ಕಿತ್ತು ಹೊಂಡಕ್ಕೆ ಹಾಕಿಸಿದ, ಹೊಂಡದ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಆ ವರ್ಷ ಶೇಂಗಾ ಚಿಗರಿಗಳ ಪಾಲಾಯಿತು. ಹೊಂಡದ ಬೇಲಿಗೆ ಅವನು ಮತ್ತೆ ಕೈ ಹಚ್ಚಲಿಲ್ಲ.

ಮಾತು ನುಂಗಲು ನನಗೆ ಬೇರೆ ಕಾರಣವೂ ಇತ್ತು. ಆ ವಿಡಿಯೋ. ಒಂದು ವಾರದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ಹಾಕಿ ನೋಡಿದೆ. ಮೊದಲು ಹೊಂಡದ ಕಡೆಯಿಂದ ಹೊಲದ ಕಡೆಗೆ ಮೊಬೈಲು ತಿರುಗಿಸಿದ್ದೇನೆ. ಆಗ ಮೂಲೆಯಲ್ಲಿ ಅನ್ನು ಒಡ್ಡಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿಗೆ ಕೈ ಚಾಚುತ್ತಿರುವುದು ಕಾಣುತ್ತದೆ. ಅಂದರೆ ನನ್ನ ಕೈಯಲ್ಲಿದ್ದ ಪರದೆಯಲ್ಲಿ ಅವಳು ಬಂದಿದ್ದಾಳೆ. ನಾನು ಅವಳನ್ನು ದಾಟಿ ಮುಂದೆ ಹೋಗಿದ್ದೇನೆ. ಆಮೇಲೆ ಮೂರು ಬೆನ್ನುಗಳು, ಹಸಿರು ಹೊಲ, ಮತ್ತು "ಸ್ವಲ್ಪ ಸಾವಕಾಶ ನಡೀರಿ, ಛಲೋ ಬರಾಕತ್ತೈತಿ" ಎನ್ನುವ ನನ್ನದೇ ದನಿ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ಊರವರನ್ನು ಆಡಿಕೊಳ್ಳುವವಳು ನಾನು. ಹುಸೇನಕಾಕಾ ಬದುಕಿದ್ದಿದ್ದರೆ ಅವರ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ಆ ವಿಡಿಯೋವನ್ನು ಅಳಿಸಿಲ್ಲ. ಯಾರಿಗೂ ತೋರಿಸಿಯೂ ಇಲ್ಲ.

ಅನ್ನು ನೀರಿಗೆ ಹೆದರತೊಡಗಿದಳು. ಹೊಂಡ ಬಿಡಿ, ಜಳಕದ ತಂಬಿಗೆ ತಲೆಯ ಮೇಲೆ ಬಂದರೆ ಬಚ್ಚಲಿನಿಂದ ಎದ್ದು ಓಡುತ್ತಿದ್ದಳು. ಹೆದರಿಕೆ ನೀರಿನದಷ್ಟೇ ಆಗಿರಲಿಲ್ಲ. ರಸ್ತೆ ದಾಟುವಾಗ ಕೈ ಹಿಡಿದರೂ ಎರಡೂ ಕಡೆ ತಾನೇ ನೋಡುತ್ತಿದ್ದಳು, ನಮ್ಮ ಮಾತಿನ ಮೇಲೆ ಹೆಜ್ಜೆ ಇಡುತ್ತಿರಲಿಲ್ಲ. ಅದು ನನ್ನನ್ನು ಹೆಚ್ಚು ಸುಟ್ಟಿತು. ಇನ್ನು ನೀರಿನ ಹತ್ತಿರವೇ ಬಿಡಬೇಡಿ ಎಂದು ಮನೆಯ ಸಮರ್ಥರೆಲ್ಲ ತೀರ್ಪು ಕೊಟ್ಟರು. ನಾನು ಒಬ್ಬಳೇ ಹಟ ಹಿಡಿದೆ, ಅವಳು ಈಜು ಕಲಿಯಲೇಬೇಕು ಎಂದು.

"ಹೆಣ್ಣುಹುಡುಗಿ..." ಎಂದು ಅಣ್ಣ ಶುರು ಮಾಡಿದ.

"ಅಣ್ಣಾ, ಅಪ್ಪ ಹೇಳಿದ್ದು ಒಬ್ಬಾಕಿಗೆ ಸಾಕು" ಎಂದೆ.

ಹುಬ್ಬಳ್ಳಿಯಲ್ಲಿ ಒಂದು ಈಜುಕೊಳ ಇದೆ. ಭಾನುವಾರ ಬೆಳಗ್ಗೆ ಮಕ್ಕಳಿಗೆ ಕಲಿಸುತ್ತಾರೆ. ಈರಣ್ಣ ಅಂಗಡಿ ಲೆಕ್ಕಿಸದೆ ಬರುತ್ತೇನೆಂದ. ನಾನೂ ಸಂಶಿಯಿಂದ ಮೊದಲ ಬಸ್ಸಿಗೆ ಹೋಗತೊಡಗಿದೆ. ಅಲ್ಲಿಯ ಗೋಡೆಯ ಮೇಲೆ ದೊಡ್ಡ ಬೋರ್ಡಿದೆ: ಮಕ್ಕಳ ಮೇಲೆ ಕಣ್ಣಿಡುವುದು ಪಾಲಕರ ಜವಾಬ್ದಾರಿ. ಅದರ ಕೆಳಗೆ ಸಾಲು ಕುರ್ಚಿಗಳಲ್ಲಿ ಪಾಲಕರು ಕೂತಿರುತ್ತಾರೆ. ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ಕೆಲವರು ಅದೇ ಬೋರ್ಡಿನ ಫೋಟೋ ತೆಗೆದು ಯಾರಿಗೋ ಕಳಿಸುತ್ತಿದ್ದರು. ಒಂದು ಸಲ ಅಣ್ಣನೂ ಬಂದ. ಬಂದು ಐದು ನಿಮಿಷಕ್ಕೆ ಪಕ್ಕದವರಿಗೆ, "ನಮ್ಮ ಬಾಂವ್ಯಾಗ ಏನಿಲ್ಲಂದ್ರೂ ಐದಾಳು..." ಎಂದು ತೆಗೆದ. ನಾನು ತಿರುಗದೆಯೇ, "ಅಣ್ಣಾ, ಬಾಯಿ ಮುಚ್ಚಿ ಕೂಸಿನ್ನ ನೋಡು" ಎಂದೆ. ಅವನು ನಿಜವಾಗಿಯೂ ಬಾಯಿ ಮುಚ್ಚಿದ, ಕ್ಲಾಸು ಮುಗಿಯುವವರೆಗೆ ತೆರೆಯಲಿಲ್ಲ. ನಮ್ಮ ಮನೆತನದ ಇತಿಹಾಸದಲ್ಲಿ ಅದು ಮೊದಲು.

ಮೊದಲ ನಾಲ್ಕು ಭಾನುವಾರ ಅನ್ನು ಎದೆಮಟ್ಟದ ನೀರಿನಲ್ಲಿ ಗೋಡೆಯ ಸರಳು ಹಿಡಿದು ನಿಂತಳು, ಅಷ್ಟೇ. ಕಲಿಸುವ ಹುಡುಗಿ ಒಳ್ಳೆಯವಳು, ಅವಸರ ಮಾಡಲಿಲ್ಲ. ಬೇರೆ ಮಕ್ಕಳು ಕಪ್ಪೆಗಳಂತೆ ಅತ್ತ ಇತ್ತ ಹೋಗುತ್ತಿದ್ದರು. ಇವಳು ಹಲ್ಲು ಕಟಕಟಿಸುತ್ತ ಸರಳು ಬಿಡುತ್ತಿರಲಿಲ್ಲ. ಐದನೆಯ ಭಾನುವಾರ ಈರಣ್ಣ ಹತ್ತಿರ ಬಂದು, "ಸಾಕ ಬಿಡ ಅಕ್ಕಾ, ಸುಮ್ನ ಕಾಡೂದ್ಯಾಕ" ಎಂದ. ನನಗೂ ಹಾಗೇ ಅನ್ನಿಸುತ್ತಿತ್ತು.

ಆಗ ಅನ್ನು ನನ್ನ ಕಡೆ ಕತ್ತು ತಿರುಗಿಸಿದಳು.

"ಅತ್ತಿ."

"ಹೂಂ."

"ನೀ ನನ್ನನ್ನಽ ನೋಡಾಕತ್ತೀಯಲ್ಲಾ?"

"ನಿನ್ನನ್ನಽ ನೋಡಾಕತ್ತೇನವಾ."

"ಮೊಬೈಲ್ ಎಲ್ಲೈತಿ?"

"ಮನ್ಯಾಗ ಬಿಟ್ಟ ಬಂದೇನಿ."

"ಯಾರರೆ ಕರದ್ರ?"

"ಹೂಂ ಅನ್ನಂಗಿಲ್ಲ."

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ಪರೀಕ್ಷಿಸಿದಳು, ನಾನು ಶಾಲೆಯಲ್ಲಿ ಮಕ್ಕಳ ಮನೆಪಾಠ ನೋಡುವ ಹಾಗೆ. ಆಮೇಲೆ ಮುಖ ಆಚೆ ತಿರುಗಿಸಿದಳು. ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟು, ನನಗೆ ಬೆನ್ನು ಮಾಡಿ, ನೀರಿನ ಮೇಲೆ ಮೈ ಚಾಚಿದಳು. ನನ್ನ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಬೇಕೆಂದರೆ ರೆಪ್ಪೆ ಮುಚ್ಚಬೇಕಾಗುತ್ತಿತ್ತು. ಒರೆಸಿಕೊಳ್ಳಲಿಲ್ಲ.